ಕೀಮೋ ಮುಗಿದ ಮೇಲೆ ನಿಧಾನವಾಗಿ ಚೇತರಿಸಿಕೊಳ್ಳುವುದು ಹೇಗೆ: ಕರಾವಳಿಯ ಮನೆಗಳಿಗೊಂದು ಸಮಗ್ರ ಮಾರ್ಗದರ್ಶಿ

ಕೊನೆಯ ಡ್ರಿಪ್ ಮುಗಿಸಿ ಮನೆಗೆ ಬಂದ ದಿನ ಅತ್ತೆ ನನ್ನನ್ನು ಅಂಗಳದಲ್ಲೇ ನಿಲ್ಲಿಸಿ ಉಪ್ಪು-ಮೆಣಸು ನಿವಾಳಿಸಿದರು. ಪಕ್ಕದ ಮನೆಯವರು ಬೇಲಿಯಾಚೆಯಿಂದ "ಎಲ್ಲ ಮುಗಿಯಿತಲ್ಲ ಅಕ್ಕ, ಇನ್ನು ಆರಾಮ" ಅಂದರು. ನಾನೂ ಹಾಗೇ ಅಂದುಕೊಂಡಿದ್ದೆ. ಹತ್ತನೇ ದಿನ ತುಳಸಿಕಟ್ಟೆಗೆ ಎರಡು ಸುತ್ತು ಬರುವುದರೊಳಗೆ ಕಾಲು ನಡುಗಿತು. ಜಗಲಿಯಲ್ಲಿ ಕೂತು ಅತ್ತುಬಿಟ್ಟೆ. ಔಷಧಿ ಮುಗಿದರೂ ಯಾಕೆ ಹೀಗೆ ಅಂತ ನನಗೆ ಯಾರೂ ಬಿಡಿಸಿ ಹೇಳಿರಲಿಲ್ಲ. ಆ ಹೇಳದೇ ಉಳಿದದ್ದನ್ನೆಲ್ಲ ಇಲ್ಲಿ ಬರೆಯುತ್ತಿದ್ದೇನೆ.

ನನಗಿದ್ದದ್ದು ಸ್ತನ ಕ್ಯಾನ್ಸರ್. ಮೊದಲು ನಾಲ್ಕು ಸಲ ಕೆಂಪು ಇಂಜೆಕ್ಷನ್, ಅಂದರೆ ಡಾಕ್ಸೊರುಬಿಸಿನ್ ಸೇರಿದ ಡ್ರಿಪ್. ಆಮೇಲೆ ವಾರಕ್ಕೊಂದರಂತೆ ಹನ್ನೆರಡು ಪ್ಯಾಕ್ಲಿಟ್ಯಾಕ್ಸೆಲ್. ನಿಮ್ಮ ಕಾಯಿಲೆ, ಔಷಧಿ, ವಯಸ್ಸು ಬೇರೆ ಇರಬಹುದು. ಹಾಗಾಗಿ ಇಲ್ಲಿನ ದಿನಗಳ ಲೆಕ್ಕ ಸ್ವಲ್ಪ ಹಿಂದೆ ಮುಂದೆ ಆಗುತ್ತದೆ. ನಿಮ್ಮ ಡಾಕ್ಟರ್ ಬೇರೆ ಹೇಳಿದ್ದರೆ ಅವರ ಮಾತೇ ಕೊನೆ.

ಮೊದಲು ಒಂದು ವಿಷಯ ಗೊತ್ತಿದ್ದರೆ ಅರ್ಧ ಗಾಬರಿ ಕಡಿಮೆ. ಕೀಮೋ ಔಷಧಿ ಬೇಗ ಬೇಗ ಬೆಳೆಯುವ ಜೀವಕೋಶಗಳನ್ನು ಹೊಡೆಯುತ್ತದೆ. ಕ್ಯಾನ್ಸರ್ ಜೊತೆಗೆ ಮೂಳೆಯೊಳಗಿನ ಮಜ್ಜೆ, ಬಾಯಿ ಮತ್ತು ಕರುಳಿನ ಒಳಪದರ, ಕೂದಲಿನ ಬುಡ, ಎಲ್ಲಕ್ಕೂ ಏಟು ಬೀಳುತ್ತದೆ. ಇವೆಲ್ಲ ಒಟ್ಟಿಗೆ ಸರಿಯಾಗುವುದಿಲ್ಲ. ಬಾಯಿಯ ಹುಣ್ಣು ಒಂದೆರಡು ವಾರದಲ್ಲಿ ಮಾಯುತ್ತದೆ. ಕೆಂಪು ರಕ್ತಕಣದ ಆಯುಷ್ಯವೇ ಸುಮಾರು 120 ದಿನ, ಹಾಗಾಗಿ ಹಿಮೋಗ್ಲೋಬಿನ್ ಮೊದಲಿನಂತಾಗಲು ತಿಂಗಳುಗಳು ಬೇಕು. ನರ ಎಲ್ಲಕ್ಕಿಂತ ನಿಧಾನ.

ಮೊದಲ ಮೂರು ವಾರ: ಜ್ವರದ ಮೇಲೆ ಕಣ್ಣಿಡಿ

ಕೊನೆಯ ಡ್ರಿಪ್ ಆದರೂ ಅದರ ಪರಿಣಾಮ ಆಮೇಲೆಯೇ ಬರುತ್ತದೆ. ಸಾಮಾನ್ಯವಾಗಿ ಡ್ರಿಪ್ ಆಗಿ 7ರಿಂದ 14 ದಿನಗಳ ನಡುವೆ ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣ ತೀರಾ ಕೆಳಗಿಳಿಯುತ್ತದೆ. ಕೌಂಟ್ ಇಳಿದಿದೆ ಅನ್ನುತ್ತಾರಲ್ಲ, ಅದೇ. ಮೂರು-ನಾಲ್ಕು ವಾರದಲ್ಲಿ ಮತ್ತೆ ಏರುತ್ತದೆ. ಅಲ್ಲಿಯವರೆಗೆ ಮನೆಯಲ್ಲಿ ಒಂದು ಡಿಜಿಟಲ್ ಥರ್ಮಾಮೀಟರ್ ಇರಲೇಬೇಕು. ಮೈ ಬಿಸಿ ಅನ್ನಿಸಿದರೆ, ಚಳಿ ಬಂದರೆ, ಕೂಡಲೇ ನೋಡಿ.

38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಫ್ಯಾರನ್‌ಹೀಟ್ ಮುಟ್ಟಿದರೆ ರಾತ್ರಿ ಎರಡು ಗಂಟೆಯಾದರೂ ಆಸ್ಪತ್ರೆಗೆ ಹೊರಡಿ. ಜ್ವರದ ಮಾತ್ರೆ ನುಂಗಿ ಇಳಿಸಿಕೊಂಡು ಮಲಗಬೇಡಿ. ಮಾತ್ರೆ ಜ್ವರವನ್ನು ಮುಚ್ಚುತ್ತದೆ, ಒಳಗಿನ ಸೋಂಕು ಬೆಳೆಯುತ್ತಲೇ ಇರುತ್ತದೆ.

ನಮ್ಮ ಕಡೆ ಒಂದು ಹೆಚ್ಚಿನ ತೊಂದರೆ ಇದೆ. ಮಳೆಗಾಲದಲ್ಲಿ ಜ್ವರ ಅಂದರೆ ಮಲೇರಿಯಾ, ಡೆಂಗಿ, ಇಲಿಜ್ವರ, ಈ ಮೂರು ಹೆಸರೇ ಬಾಯಿಗೆ ಬರುವುದು. "ನಾಳೆ ಬೆಳಿಗ್ಗೆ ಲ್ಯಾಬ್‌ಗೆ ಹೋಗಿ ರಕ್ತ ಕೊಡುವ" ಅಂತ ಮನೆಯವರು ಹೇಳುತ್ತಾರೆ. ಬೇರೆಯವರಿಗೆ ಅದು ಸರಿ ಇರಬಹುದು, ನಿಮಗೆ ಅಷ್ಟು ಕಾಯುವ ಸಮಯ ಇಲ್ಲ. ಆಸ್ಪತ್ರೆಯ ಎಮರ್ಜೆನ್ಸಿಯಲ್ಲಿ ಮೊದಲ ಮಾತೇ "ಕೀಮೋ ಆಗಿ ಇಷ್ಟು ದಿನ ಆಯಿತು" ಅಂತ ಇರಲಿ. ಆ ಮಾತು ಕೇಳಿದರೆ ಡ್ಯೂಟಿ ಡಾಕ್ಟರಿಗೆ ಅವಸರ ಗೊತ್ತಾಗುತ್ತದೆ. ಬೈಂದೂರು, ಕಾರ್ಕಳ, ಸುಳ್ಯದಂಥ ದೂರದ ಊರಿನವರು ರಾತ್ರಿ ಯಾರ ಕಾರು, ಯಾರು ಓಡಿಸುವುದು ಅಂತ ಮೊದಲೇ ಮಾತಾಡಿಟ್ಟುಕೊಳ್ಳಿ. ಅದೂ ಆಗದಿದ್ದರೆ 108 ಇದೆ.

ಈ ವಾರಗಳಲ್ಲಿ ಗದ್ದೆಯ ಕೆಸರಿಗೆ, ಕೊಟ್ಟಿಗೆಗೆ, ತೋಟಕ್ಕೆ ಬರಿಗಾಲಲ್ಲಿ ಇಳಿಯಬೇಡಿ. ಇಲಿಜ್ವರ ಬರುವುದೇ ಆ ನೀರಿನಿಂದ. ಸೊಳ್ಳೆಪರದೆ ಕಟ್ಟಿ ಮಲಗಿ. ಮದುವೆ, ಜಾತ್ರೆ, ಕೋಲ ಅಂತ ಕರೆ ಬರುತ್ತದೆ. ಕೌಂಟ್ ಏರಿದೆ ಅಂತ ಡಾಕ್ಟರ್ ಹೇಳುವವರೆಗೆ ಬೇಡ. ಆಮೇಲೆ ಹೋಗುವಾಗಲೂ ಮಾಸ್ಕ್ ಹಾಕಿ ಅರ್ಧ ಗಂಟೆ ಇದ್ದು, ದೇವರಿಗೆ ಕೈಮುಗಿದು, ಊಟಕ್ಕೆ ಮನೆಗೆ ಬನ್ನಿ. ಕರೆದವರಿಗೆ ಬೇಸರ ಆಗುವುದಿಲ್ಲ. ಆದರೂ ಪರವಾಗಿಲ್ಲ.

ಸುಸ್ತು: ಆಗುತ್ತದೆ ಅನ್ನಿಸಿದ್ದರಲ್ಲಿ ಅರ್ಧ ಮಾತ್ರ

ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಹೆಚ್ಚಿನವರು ಸೋಲುವುದು ಇಲ್ಲೇ.

ಕೀಮೋದ ಸುಸ್ತು ದಿನವಿಡೀ ದುಡಿದು ಬರುವ ಸುಸ್ತಿನ ಹಾಗಿರುವುದಿಲ್ಲ. ರಾತ್ರಿಯಿಡೀ ಮಲಗಿ ಎದ್ದರೂ ಹೋಗುವುದಿಲ್ಲ. ನನಗೆ ಐದನೇ ವಾರದ ಒಂದು ಭಾನುವಾರ ಇದ್ದಕ್ಕಿದ್ದಂತೆ ಮೈ ಹಗುರ ಅನ್ನಿಸಿತು. ಆಟಿಯ ಮಳೆ, ಹಿತ್ತಿಲಲ್ಲಿ ಕೆಸುವಿನ ಎಲೆ ಸೊಂಪಾಗಿ ಬೆಳೆದಿತ್ತು. ಎಷ್ಟು ತಿಂಗಳಾಯಿತು ನನ್ನ ಕೈಯಾರೆ ಪತ್ರೊಡೆ ಮಾಡದೆ ಅಂತ ಆಸೆಯಾಯಿತು. ಅಕ್ಕಿ ರುಬ್ಬಿ, ಎಲೆಗೆ ಹಚ್ಚಿ, ಸುರುಳಿ ಸುತ್ತಿ, ಹಬೆಗಿಟ್ಟೆ. ಅದು ಬೇಯುವಷ್ಟರಲ್ಲಿ ಎರಡು ಹಾಸಿಗೆಯ ಬಟ್ಟೆಯನ್ನೂ ಒಗೆದೆ. ಎಲ್ಲರೂ ಖುಷಿಯಿಂದ ಉಂಡರು. ಸೋಮವಾರದಿಂದ ಬುಧವಾರದವರೆಗೆ ನಾನು ಹಾಸಿಗೆಯಿಂದ ಏಳಲಿಲ್ಲ.

ಒಳ್ಳೆಯ ದಿನ ಬಂದಾಗ ಬಾಕಿ ಇದ್ದದ್ದೆಲ್ಲ ಮುಗಿಸುವ, ಆಮೇಲೆ ಮೂರು ದಿನ ಬೀಳುವ, ಈ ಚಕ್ರ ನಿಲ್ಲಿಸಬೇಕು. ನಾನು ಮಾಡಿದ್ದು ಹೀಗೆ. ಒಂದು ಇನ್ನೂರು ಪುಟದ ಪುಸ್ತಕ ತೆಗೆದುಕೊಂಡೆ. ಪ್ರತಿದಿನ ಏನು ಕೆಲಸ ಮಾಡಿದೆ, ಎಷ್ಟು ಹೊತ್ತು, ಆಮೇಲೆ ಸುಸ್ತು ಹತ್ತರಲ್ಲಿ ಎಷ್ಟು ಅಂತ ಬರೆದೆ. ಎರಡು ವಾರದಲ್ಲಿ ಚಿತ್ರ ಸಿಕ್ಕಿತು. ಬೆಳಿಗ್ಗೆ ಒಂಬತ್ತರಿಂದ ಹನ್ನೊಂದರವರೆಗೆ ನನ್ನ ಒಳ್ಳೆಯ ಹೊತ್ತು. ಬಗ್ಗಿ ಗುಡಿಸುವುದು, ಒರೆಸುವುದು ನನ್ನನ್ನು ಬೀಳಿಸುವ ಕೆಲಸ. ನಿಂತು ದೋಸೆ ಹೊಯ್ಯುವುದಕ್ಕಿಂತ ಸ್ಟೂಲ್ ಹಾಕಿ ಕೂತು ಹೊಯ್ದರೆ ಅರ್ಧ ಸುಸ್ತು ಕಡಿಮೆ.

ಆಮೇಲೆ ಒಂದು ನಿಯಮ ಹಾಕಿಕೊಂಡೆ. ಇವತ್ತು ನಾಲ್ಕು ಕೆಲಸ ಆಗುತ್ತದೆ ಅನ್ನಿಸಿದರೆ ಎರಡೇ ಮಾಡುವುದು. ಹತ್ತು ದಿನ ಅಷ್ಟೇ ಮಾಡಿ ಸುಸ್ತು ಏರದಿದ್ದರೆ ಮಾತ್ರ ಇನ್ನೊಂದು ಸಣ್ಣದು ಸೇರಿಸುವುದು. ಪತ್ರೊಡೆ ಬೇಕೇ ಬೇಕು ಅನ್ನಿಸಿದರೆ ಇವತ್ತು ಹಿಟ್ಟು ರುಬ್ಬಿ ಫ್ರಿಜ್‌ನಲ್ಲಿಡಿ, ನಾಳೆ ಯಾರಾದರೂ ಎಲೆಗೆ ಹಚ್ಚಿಕೊಡಲಿ, ನೀವು ಸುರುಳಿ ಸುತ್ತಿ.

ಮಧ್ಯಾಹ್ನ ಮಲಗುವುದಾದರೆ ಮೂರು ಗಂಟೆಯೊಳಗೆ, ಅರ್ಧ ಗಂಟೆ ಮಾತ್ರ. ಅಲಾರಂ ಇಡಿ. ಸಂಜೆವರೆಗೆ ಮಲಗಿದರೆ ರಾತ್ರಿ ನಿದ್ದೆ ಕೆಡುತ್ತದೆ, ಮರುದಿನ ಇನ್ನೂ ಜಾಸ್ತಿ ಸುಸ್ತು.

ಎರಡು-ಮೂರು ತಿಂಗಳಾದರೂ ಏನೂ ಬದಲಾಗದಿದ್ದರೆ "ಕೀಮೋ ಅಲ್ವಾ, ಹಾಗೇ ಇರುತ್ತದೆ" ಅಂತ ಸುಮ್ನೆ ಇರಬೇಡಿ. ಹಿಮೋಗ್ಲೋಬಿನ್, ಥೈರಾಯ್ಡ್, ಬಿ12, ಸಕ್ಕರೆ ನೋಡಿಸಬೇಕಾ ಅಂತ ಡಾಕ್ಟರ್ ಹತ್ತಿರ ಕೇಳಿ. ಇವುಗಳಲ್ಲಿ ಏನಾದರೂ ಸಿಕ್ಕಿದರೆ ಅದಕ್ಕೆ ಔಷಧಿ ಇದೆ.

ನಡಿಗೆ: ತುಳಸಿಕಟ್ಟೆಯಿಂದ ಬಸ್‌ಸ್ಟಾಪಿನವರೆಗೆ

"ರೆಸ್ಟ್ ತಗೊಳ್ಳಿ, ಏಳಬೇಡಿ" ಅಂತ ಎಲ್ಲರೂ ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಮಲಗಿಯೇ ಇದ್ದರೆ ಸ್ನಾಯು ಕರಗುತ್ತದೆ, ಸುಸ್ತು ಹೆಚ್ಚುತ್ತದೆ. ಕೀಮೋ ಸುಸ್ತಿಗೆ ಚೆನ್ನಾಗಿ ಕೆಲಸ ಮಾಡುವುದು ವ್ಯಾಯಾಮವೇ. ಅಮೆರಿಕದ ಕ್ರೀಡಾ ವೈದ್ಯರ ಕಾಲೇಜು 2019ರಲ್ಲಿ ಪ್ರಕಟಿಸಿದ ಸಲಹೆಯ ಪ್ರಕಾರ ವಾರಕ್ಕೆ ಮೂರು ದಿನ 30 ನಿಮಿಷದ ಮಧ್ಯಮ ವೇಗದ ನಡಿಗೆಯಂಥ ವ್ಯಾಯಾಮ, ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ. ಅದು ತಲುಪಬೇಕಾದ ಜಾಗ. ಹೊರಡುವುದು ಐದು ನಿಮಿಷದಿಂದ.

ಮೊದಲ ವಾರ ಬೆಳಿಗ್ಗೆ ಐದು, ಸಂಜೆ ಐದು ನಿಮಿಷ, ಅಂಗಳದಲ್ಲೇ. ಮೂರು-ನಾಲ್ಕು ದಿನಕ್ಕೊಮ್ಮೆ ಒಂದೆರಡು ನಿಮಿಷ ಸೇರಿಸಿ. ನಡೆಯುತ್ತಾ ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ವೇಗ ಸಾಕು. ನನ್ನ ಗುರುತು ತುಳಸಿಕಟ್ಟೆ, ಆಮೇಲೆ ಗೇಟು, ಆಮೇಲೆ ಗೋಳಿಮರದ ಕಟ್ಟೆ, ಕೊನೆಗೆ ಬಸ್‌ಸ್ಟಾಪು. ಬಸ್‌ಸ್ಟಾಪ್ ಮುಟ್ಟಲು ನನಗೆ ಹನ್ನೊಂದು ವಾರ ಹಿಡಿಯಿತು. ನಡುವೆ ಶೀತವಾಗಿ ಒಂದು ವಾರ ನಿಂತುಹೋಯಿತು, ಮತ್ತೆ ಗೇಟಿನಿಂದ ಶುರು ಮಾಡಿದೆ.

ನಮ್ಮ ಸೆಕೆಯಲ್ಲಿ ಬೆಳಿಗ್ಗೆ ಏಳರೊಳಗೆ ಅಥವಾ ಸಂಜೆ ಐದೂವರೆ ಆದಮೇಲೆ ನಡೆಯಿರಿ. ಮಂಗಳೂರಿನವರಿಗೆ ಕದ್ರಿ ಪಾರ್ಕ್, ಉಡುಪಿಯವರಿಗೆ ಅಜ್ಜರಕಾಡು, ಮಣಿಪಾಲದವರಿಗೆ ಮಣ್ಣಪಳ್ಳ ಕೆರೆಯ ಸುತ್ತಿನ ದಾರಿ ಒಳ್ಳೆಯದು. ಕೂರಲು ಜಾಗ ಇರುತ್ತದೆ, ಇಷ್ಟೇ ಸಾಕು ಅನ್ನಿಸಿದರೆ ತಿರುಗಬಹುದು. ಮಲ್ಪೆ, ಪಣಂಬೂರಿನ ಮರಳಿನಲ್ಲಿ ನಡೆಯುವುದು ಚಂದ, ಆದರೆ ಮರಳು ಕಾಲನ್ನು ಎಳೆಯುತ್ತದೆ. ಅದನ್ನು ಮೂರು ತಿಂಗಳ ನಂತರಕ್ಕೆ ಇಟ್ಟುಕೊಳ್ಳಿ. ಮಳೆಗಾಲದಲ್ಲಿ ಅಂಗಳದ ಪಾಚಿ ಕಾಲು ಜಾರಿಸುತ್ತದೆ. ಜಗಲಿಯಲ್ಲೇ ಆಚೆಯಿಂದ ಈಚೆಗೆ ನಡೆದರೂ ಅದು ನಡಿಗೆಯೇ.

ಸ್ನಾಯುವಿಗೆ ಮನೆಯ ಕುರ್ಚಿ ಸಾಕು. ಕೈ ಊರದೆ ಐದು ಸಲ ಎದ್ದು ಕೂರಿ. ಅರ್ಧ ಲೀಟರ್ ನೀರಿನ ಬಾಟಲಿ ಹಿಡಿದು ಕೈ ಎತ್ತಿ ಇಳಿಸಿ. ಸ್ತನದ ಆಪರೇಷನ್ ಆದವರು ಆ ಬದಿಯ ಕೈಗೆ ಭಾರ ಹೊರಿಸುವ ಮೊದಲು ಫಿಸಿಯೋಥೆರಪಿಸ್ಟ್ ಹತ್ತಿರ ಒಮ್ಮೆ ತೋರಿಸಿಕೊಳ್ಳಿ. ಆ ಕೈ ಊದಿಕೊಂಡರೆ, ಬಳೆ ಬಿಗಿಯಾದರೆ ಬೇಗ ಹೇಳಿ.

ಎದೆನೋವು, ಮಲಗಿದಾಗ ಉಸಿರು ಕಟ್ಟುವುದು, ಎರಡೂ ಪಾದ ಊದುವುದು ಕಂಡರೆ ವ್ಯಾಯಾಮ ನಿಲ್ಲಿಸಿ ಕೂಡಲೇ ಡಾಕ್ಟರನ್ನು ನೋಡಿ. ಕೆಂಪು ಇಂಜೆಕ್ಷನ್ ಹೃದಯವನ್ನು ದುರ್ಬಲ ಮಾಡಬಹುದು, ಕೆಲವರಲ್ಲಿ ವರ್ಷಗಳ ನಂತರವೂ. ಒಂದೇ ಕಾಲು ಊದಿ ನೋಯುತ್ತಿದ್ದರೆ ರಕ್ತ ಹೆಪ್ಪುಗಟ್ಟಿರಬಹುದು. ಅದಕ್ಕೂ ಕಾಯಬಾರದು.

ಊಟ

ಮೊದಲ ವಾರಗಳಿಗೆ ನಮ್ಮ ಕುಚ್ಚಲಕ್ಕಿ ಗಂಜಿಗಿಂತ ಒಳ್ಳೆಯದು ಸಿಗಲಿಕ್ಕಿಲ್ಲ. ಮೆತ್ತಗೆ, ಬಿಸಿಬಿಸಿ, ಹೊಟ್ಟೆಗೆ ಹಿತ. ಆದರೆ ಗಂಜಿ-ಉಪ್ಪಿನಕಾಯಿಯಲ್ಲೇ ದಿನ ಕಳೆದರೆ ಸ್ನಾಯು ಕಟ್ಟುವುದಿಲ್ಲ. ಚೇತರಿಕೆಗೆ ಪ್ರೋಟೀನ್ ಬೇಕು. ಕ್ಯಾನ್ಸರ್ ಆದವರಿಗೆ ದೇಹದ ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ 1 ಗ್ರಾಂಗಿಂತ ಹೆಚ್ಚು, ಆದರೆ 1.5 ಗ್ರಾಂವರೆಗೆ ಅಂತ ಆಹಾರ ತಜ್ಞರು ಹೇಳುತ್ತಾರೆ. 50 ಕಿಲೋ ಇರುವವರಿಗೆ ಅದು 50ರಿಂದ 75 ಗ್ರಾಂ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ, 100 ಗ್ರಾಂ ಬಂಗುಡೆಯಲ್ಲಿ 20ರ ಹತ್ತಿರ. ಮೀನು ತಿನ್ನದವರು ಗಂಜಿಗೇ ಹೆಸರುಕಾಳು ಹಾಕಿ ಬೇಯಿಸಿ, ಹುರುಳಿ ಸಾರು, ಕಡಲೆ, ಪನೀರ್ ಸೇರಿಸಿ. ಕಿಡ್ನಿಯ ತೊಂದರೆ ಇದ್ದವರು ಮಾತ್ರ ಕೇಳದೆ ಪ್ರೋಟೀನ್ ಏರಿಸಬಾರದು.

ಬಾಯಿ ಕಬ್ಬಿಣ ನೆಕ್ಕಿದ ಹಾಗೆ ಇದ್ದರೆ ಪುನರ್ಪುಳಿ ಸಾರು ತುಂಬ ಹಿತ. ಬಾಯಲ್ಲಿ ಹುಣ್ಣಿದ್ದರೆ ಹುಳಿ ಬೇಡ, ಮಾಯುವವರೆಗೆ ಕಾಯಿರಿ. ಕೌಂಟ್ ಏರುವವರೆಗೆ ಹಸಿ ಸೊಪ್ಪಿನ ತಂಬುಳಿ, ಬೀದಿಯಲ್ಲಿ ಹೆಚ್ಚಿಟ್ಟ ಹಣ್ಣು, ಕಬ್ಬಿನ ಹಾಲು, ಸರಿಯಾಗಿ ಬೇಯದ ಮರುವಾಯಿ (ಚಿಪ್ಪುಮೀನು) ಬಿಟ್ಟುಬಿಡಿ. ಒಂದೆಲಗವನ್ನು ಕುದಿಸಿ ಮಾಡಿದರೆ ಆಗಬಹುದು. ಸೀಯಾಳವನ್ನು ಹೊರಗೆ ತೊಳೆದು ಕೆತ್ತಿಸಿ, ಸ್ಟ್ರಾ ಬಿಟ್ಟು ಮನೆಯ ಲೋಟಕ್ಕೆ ಬಗ್ಗಿಸಿ ಕುಡಿಯಿರಿ.

ಕಷಾಯದ ಬಗ್ಗೆ ಒಂದು ಮಾತು. ಚಿಕ್ಕಮ್ಮ, ದೊಡ್ಡಮ್ಮ ಎಲ್ಲ ಒಂದೊಂದು ಬೇರು ತಂದುಕೊಡುತ್ತಾರೆ. ಅವರ ಮನಸ್ಸು ಒಳ್ಳೆಯದೇ. ಆದರೆ ಕೀಮೋ ಮುಗಿದಾಗ ಲಿವರ್ ಮೊದಲೇ ದಣಿದಿರುತ್ತದೆ. ಅಮೃತಬಳ್ಳಿ ಕಷಾಯ ಕುಡಿದು ಲಿವರಿಗೆ ಪೆಟ್ಟಾದದ್ದು ನಮ್ಮ ದೇಶದಲ್ಲೇ ವರದಿಯಾಗಿದೆ. ತಂದುಕೊಟ್ಟದ್ದನ್ನು ಎತ್ತಿಡಿ, ಹೆಸರು ಬರೆದುಕೊಂಡು ಡಾಕ್ಟರಿಗೆ ತೋರಿಸಿ, ಅವರು ಹೂಂ ಅಂದರೆ ಕುಡಿಯಿರಿ. ವೀಳ್ಯದೆಲೆ-ಅಡಿಕೆ ಹಾಕುವ ಅಭ್ಯಾಸ ಇದ್ದರೆ ಇದು ಬಿಡುವ ಸಮಯ. ಅಡಿಕೆಯೇ ಕ್ಯಾನ್ಸರ್ ತರುವ ವಸ್ತು, ಹೊಗೆಸೊಪ್ಪು ಸೇರದಿದ್ದರೂ.

ಕೈಕಾಲು ಮರಗಟ್ಟುವುದು

ನಮ್ಮ ಮನೆ ಶಂಕರಪುರದ ಕಡೆ. ಚಿಕ್ಕಂದಿನಿಂದ ಮಲ್ಲಿಗೆ ಕಟ್ಟಿದ ಕೈ ನನ್ನದು, ಟಿವಿ ನೋಡುತ್ತಾ ಕಟ್ಟುತ್ತಿದ್ದೆ. ಪ್ಯಾಕ್ಲಿಟ್ಯಾಕ್ಸೆಲ್ ಮುಗಿದು ಎರಡನೇ ವಾರ ಬಾಳೆನಾರು ಹಿಡಿದು ಕೂತರೆ ಮೊಗ್ಗು ಬೆರಳ ನಡುವೆ ಇದೆಯೋ ಇಲ್ಲವೋ ಗೊತ್ತಾಗುತ್ತಿಲ್ಲ. ಗಂಟು ಬಿಗಿದೆ ಅಂದುಕೊಂಡು ಕೈ ಎತ್ತಿದರೆ ಮೊಗ್ಗುಗಳೆಲ್ಲ ಮಡಿಲಿಗೆ ಉದುರಿದವು.

ಪ್ಯಾಕ್ಲಿಟ್ಯಾಕ್ಸೆಲ್, ಡೋಸಿಟ್ಯಾಕ್ಸೆಲ್, ಸಿಸ್‌ಪ್ಲಾಟಿನ್, ಆಕ್ಸಾಲಿಪ್ಲಾಟಿನ್, ವಿನ್‌ಕ್ರಿಸ್ಟಿನ್, ಇವು ನರದ ತುದಿಗೆ ಪೆಟ್ಟು ಕೊಡುವ ಔಷಧಿಗಳು. ಹಾಗಾಗಿ ಬೆರಳ ತುದಿ, ಪಾದದ ಅಡಿ ಮೊದಲು ಮರಗಟ್ಟುತ್ತದೆ. ಸಿಸ್‌ಪ್ಲಾಟಿನ್, ಆಕ್ಸಾಲಿಪ್ಲಾಟಿನ್ ಆದವರಿಗೆ ಔಷಧಿ ನಿಲ್ಲಿಸಿದ ಮೇಲೂ ಕೆಲವು ತಿಂಗಳು ಇದು ಹೆಚ್ಚಾಗಬಹುದು, ಆಮೇಲೆ ಇಳಿಯುತ್ತದೆ. ಗೊತ್ತಿಲ್ಲದಿದ್ದರೆ ತುಂಬ ಹೆದರಿಕೆಯಾಗುವ ವಿಷಯ ಇದು. ಹೆಚ್ಚಿನವರಿಗೆ ತಿಂಗಳುಗಳಲ್ಲಿ ಸುಧಾರಿಸುತ್ತದೆ, ಕೆಲವರಿಗೆ ಸ್ವಲ್ಪ ಉಳಿದುಬಿಡುತ್ತದೆ.

ಅಲ್ಲಿಯವರೆಗೆ ಗಾಯ ಆಗದಂತೆ ನೋಡಿಕೊಳ್ಳುವುದೇ ದೊಡ್ಡ ಕೆಲಸ. ನಾನು ಬಚ್ಚಲಲ್ಲಿ ಹಂಡೆಯಿಂದ ನೀರು ತೋಡಿ, ತಣ್ಣೀರು ಬೆರೆಸಿದ್ದೇನೆ ಅಂತ ಅಂದುಕೊಂಡು ಕಾಲಿಗೆ ಹೊಯ್ದುಕೊಂಡೆ. ಬಿಸಿ ಗೊತ್ತಾಗಲೇ ಇಲ್ಲ. ಪಾದ ಕೆಂಪಾದದ್ದು ಕಣ್ಣಿಗೆ ಕಂಡಮೇಲೆ ಕೂಗಿದೆ. ಅಂದಿನಿಂದ ಮೊದಲು ಬಕೆಟ್‌ಗೆ ತಣ್ಣೀರು, ಆಮೇಲೆ ಬಿಸಿನೀರು, ಮೊಣಕೈ ಅದ್ದಿ ನೋಡಿ ಆಮೇಲೆ ಸ್ನಾನ. ಮನೆಯೊಳಗೂ ಹಿಂದೆ ಪಟ್ಟಿ ಇರುವ ಚಪ್ಪಲಿ ಹಾಕಿ. ರಾತ್ರಿ ಮಲಗುವ ಮುನ್ನ ಕನ್ನಡಿ ಹಿಡಿದು ಅಂಗಾಲು ನೋಡಿಕೊಳ್ಳಿ, ಮುಳ್ಳು ಚುಚ್ಚಿದ್ದೂ ಗೊತ್ತಾಗಿರುವುದಿಲ್ಲ. ಮೆಟ್ಟುಕತ್ತಿಯ ಕೆಲಸ ಬೇರೆಯವರಿಗೆ ಬಿಡಿ.

ಉರಿ, ನೋವು ಇದ್ದರೆ ಡುಲೋಕ್ಸೆಟಿನ್ ಅನ್ನುವ ಮಾತ್ರೆ ಕೆಲವರಿಗೆ ಸಹಾಯ ಮಾಡುತ್ತದೆ, ಡಾಕ್ಟರ್ ಹತ್ತಿರ ಕೇಳಿ. ನರಕ್ಕೆ ಒಳ್ಳೆಯದು ಅಂತ ನೀವೇ ವಿಟಮಿನ್ ಮಾತ್ರೆ ತಂದು ನುಂಗಬೇಡಿ. ಬಿ6 ಅತಿಯಾದರೆ ಅದರಿಂದಲೇ ನರ ಕೆಡುತ್ತದೆ. ಸಕ್ಕರೆ ಕಾಯಿಲೆ ಇದ್ದವರು ಸಕ್ಕರೆಯನ್ನು ಹತೋಟಿಯಲ್ಲಿಡಿ.

ನಾನು ಪ್ರತಿ ಭಾನುವಾರ ಹತ್ತು ನಿಮಿಷ ಮಲ್ಲಿಗೆ ಕಟ್ಟಿ, ಎಷ್ಟು ಮೊಗ್ಗು ನಿಂತಿತು ಅಂತ ಪುಸ್ತಕದಲ್ಲಿ ಬರೆಯುತ್ತಿದ್ದೆ. ಮೊದಲ ಭಾನುವಾರ ಒಂಬತ್ತು. ನಾಲ್ಕನೇ ತಿಂಗಳಿಗೆ ಅರುವತ್ತರ ಹತ್ತಿರ. ನಿಮ್ಮ ಕೈಗೆ ಅಭ್ಯಾಸ ಇರುವ ಒಂದು ಕೆಲಸ ಹೀಗೆ ಇಟ್ಟುಕೊಳ್ಳಿ: ಗುಂಡಿ ಹಾಕುವುದು, ಬೀಡಿ ಎಲೆ ಕತ್ತರಿಸುತ್ತಿದ್ದವರಾದರೆ ಕಾಗದ ಕತ್ತರಿಸುವುದು. ದಿನದಿಂದ ದಿನಕ್ಕೆ ಕಾಣದ ಸುಧಾರಣೆ ತಿಂಗಳ ಲೆಕ್ಕದಲ್ಲಿ ಕಾಣುತ್ತದೆ. ಡಾಕ್ಟರಿಗೆ ತೋರಿಸಲೂ ಇದು ಒಳ್ಳೆಯದು.

ಕೂದಲು, ಉಗುರು, ಮರೆವು

ಕೂದಲು ಮೂರರಿಂದ ಆರು ವಾರದಲ್ಲಿ ಎಳೆಮಗುವಿನ ತಲೆಯ ಹಾಗೆ ಶುರುವಾಗುತ್ತದೆ. ಗುಂಗುರಾಗಿ, ಬೆಳ್ಳಗಾಗಿ ಬರಬಹುದು, ಮುಂದೆ ಬದಲಾಗುತ್ತದೆ. ಬಣ್ಣ ಹಚ್ಚಲು ಆರು ತಿಂಗಳು ಕಾಯಿರಿ. ಉಗುರಿನ ಮೇಲೆ ಅಡ್ಡಗೆರೆಗಳು ಕಾಣುತ್ತವೆ, ಡ್ರಿಪ್‌ನ ಹೊತ್ತಿಗೆ ಬೆಳವಣಿಗೆ ನಿಂತ ಗುರುತು ಅದು. ಕೈಯುಗುರಿನಲ್ಲಿ ಅದು ತುದಿ ಮುಟ್ಟಲು ಆರು ತಿಂಗಳು, ಕಾಲುಗುರಿಗೆ ವರ್ಷದ ಮೇಲೆ.

ಒಲೆ ಮೇಲೆ ಹಾಲಿಟ್ಟು ಮರೆಯುವುದು, ಪರಿಚಯದವರ ಹೆಸರು ನೆನಪಾಗದಿರುವುದು ತುಂಬ ಜನರಿಗೆ ಆಗುತ್ತದೆ. ಬುದ್ಧಿ ಹೋಯಿತು ಅಂತ ಅಳಬೇಡಿ. ಒಂದು ಸಲಕ್ಕೆ ಒಂದೇ ಕೆಲಸ, ಉಳಿದದ್ದಕ್ಕೆ ಚೀಟಿ ಮತ್ತು ಮೊಬೈಲ್ ಅಲಾರಂ. ಹೆಚ್ಚಿನವರಿಗೆ ಒಂದು ವರ್ಷದೊಳಗೆ ತಿಳಿಯಾಗುತ್ತದೆ.

ಮನಸ್ಸು ಮತ್ತು ಮನೆಯವರು

ಕೀಮೋ ನಡೆಯುವಾಗ ಫೋನ್ ಮೇಲೆ ಫೋನ್. ಮುಗಿದ ಮೇಲೆ ಮನೆ ಇದ್ದಕ್ಕಿದ್ದಂತೆ ನಿಶ್ಶಬ್ದ. ವಾರ ವಾರ ಮಾತಾಡಿಸುತ್ತಿದ್ದ ಸಿಸ್ಟರ್‌ಗಳೂ ಇಲ್ಲ. ನನಗೆ ಆಗಲೇ ಜಾಸ್ತಿ ಹೆದರಿಕೆಯಾದದ್ದು: ಔಷಧಿ ನಿಂತಿತು, ಇನ್ನು ಕಾಯಿಲೆ ತಿರುಗಿ ಬಂದರೆ? ಸಣ್ಣ ಬೆನ್ನುನೋವಿಗೂ ಎದೆ ಹೊಡೆದುಕೊಳ್ಳುತ್ತಿತ್ತು. ಡಾಕ್ಟರ್ ಒಂದು ಲೆಕ್ಕ ಹೇಳಿಕೊಟ್ಟರು. ಹೊಸ ನೋವು ಎರಡು ವಾರ ಬಿಡದೆ ಇದ್ದರೆ, ಅಥವಾ ದಿನದಿಂದ ದಿನಕ್ಕೆ ಹೆಚ್ಚಿದರೆ ಬನ್ನಿ ಅಂತ. ಕ್ಯಾಲೆಂಡರಿನಲ್ಲಿ ಗುರುತು ಹಾಕಿ ಇಡುವುದರಿಂದ ರಾತ್ರಿಯ ಯೋಚನೆ ಅರ್ಧ ಇಳಿಯಿತು.

ನಿದ್ದೆ ಬಾರದೆ, ಯಾವುದರಲ್ಲೂ ಆಸೆ ಇಲ್ಲದೆ ಎರಡು ವಾರ ಕಳೆದರೆ ಅದಕ್ಕೂ ಚಿಕಿತ್ಸೆ ಬೇಕು. ಸರ್ಕಾರದ ಟೆಲಿ-ಮಾನಸ್ 14416ಕ್ಕೆ ಯಾವ ಹೊತ್ತಿಗೂ ಫೋನ್ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಮನೆಯವರಿಗೆ: "ಏನಾದರೂ ಬೇಕಿದ್ದರೆ ಹೇಳು" ಅನ್ನಬೇಡಿ. ಅವರು ಹೇಳುವುದಿಲ್ಲ. "ಮಂಗಳವಾರ, ಶುಕ್ರವಾರ ಮಧ್ಯಾಹ್ನದ ಪದಾರ್ಥ ನನ್ನದು" ಅನ್ನಿ. ನನ್ನ ಭಾವನವರು ಆರು ತಿಂಗಳು ಪ್ರತಿ ಶನಿವಾರ ನೆಲ ಒರೆಸಿಕೊಟ್ಟರು. ಆ ಉಪಕಾರ ನಾನು ಮರೆಯುವುದಿಲ್ಲ.

ಗಂಡ-ಹೆಂಡತಿ ನಡುವಿನ ವಿಷಯ ನಮ್ಮಲ್ಲಿ ಯಾರೂ ಎತ್ತುವುದಿಲ್ಲ. ಮುಟ್ಟು ನಿಂತಿದ್ದರೂ ಬಸಿರಾಗಬಹುದು, ಹಾಗಾಗಿ ಎಷ್ಟು ಸಮಯ ಬಸಿರಾಗದಂತೆ ನೋಡಿಕೊಳ್ಳಬೇಕು ಅಂತ ಡಾಕ್ಟರನ್ನು ನೇರವಾಗಿ ಕೇಳಿ. ಒಣಗುವುದು, ನೋವು ಇದ್ದರೆ ಅದನ್ನೂ ಹೇಳಿ.

ಕೆಲಸಕ್ಕೆ ಹಿಂದಿರುಗುವಾಗ

ಆಗುವುದಾದರೆ ಅರ್ಧ ದಿನ, ವಾರಕ್ಕೆ ಮೂರು ದಿನದಿಂದ ಶುರು ಮಾಡಿ, ಸತತ ಎರಡು ದಿನ ಬೇಡ. ಉಡುಪಿ-ಮಂಗಳೂರು ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಬೆಳಿಗ್ಗೆ ಎಂಟೂವರೆಗೆ ನಿಂತು ಹೋಗುವುದು ಪೂರ್ತಿ ದಿನದ ಕೆಲಸಕ್ಕೆ ಸಮ. ಬ್ರೇಕ್ ಹಾಕಿದಾಗ ಮರಗಟ್ಟಿದ ಕಾಲು ಹಿಡಿತ ಕೊಡುವುದಿಲ್ಲ. ಬಸ್ ಹೊರಡುವ ಸ್ಟ್ಯಾಂಡಿಗೇ ಹೋಗಿ ಸೀಟು ಹಿಡಿಯಿರಿ, ಅಥವಾ ಹತ್ತು ಗಂಟೆಯ ಮೇಲಿನ ಬಸ್ಸಿಗೆ ಹೋಗುವಂತೆ ಒಪ್ಪಿಸಿಕೊಳ್ಳಿ. ಪಾದದ ಸ್ಪರ್ಶ ಬರುವವರೆಗೆ ಸ್ಕೂಟರ್ ಬೇಡ.

ಫೈಲು ಮತ್ತು ತಪಾಸಣೆ

ಚಿಕಿತ್ಸೆ ಮಣಿಪಾಲದಲ್ಲಿ ಆಗಿರಲಿ, ಕಂಕನಾಡಿ, ಅತ್ತಾವರ, ದೇರಳಕಟ್ಟೆಯಲ್ಲಿ ಆಗಿರಲಿ, ಒಂದು ಹಾಳೆ ಬರೆಸಿಕೊಳ್ಳಿ: ಯಾವ ಔಷಧಿ, ಎಷ್ಟು ಸಲ, ಒಟ್ಟು ಎಷ್ಟು ಡೋಸ್, ಕೊನೆಯ ತಾರೀಕು. ಕೆಂಪು ಇಂಜೆಕ್ಷನ್ನಿನ ಒಟ್ಟು ಡೋಸ್ ಮುಂದೆ ಹೃದಯದ ಡಾಕ್ಟರಿಗೆ ಬೇಕು. ಬ್ಲಿಯೊಮೈಸಿನ್ ಅನ್ನುವ ಕೀಮೋ ಔಷಧಿ ಆದವರು ಮುಂದೆ ಯಾವ ಆಪರೇಷನ್ ಆದರೂ ಅರಿವಳಿಕೆ ಡಾಕ್ಟರಿಗೆ ಹೇಳಲೇಬೇಕು, ಜಾಸ್ತಿ ಆಕ್ಸಿಜನ್ ಅವರ ಶ್ವಾಸಕೋಶಕ್ಕೆ ಅಪಾಯ. ಹಲ್ಲು ಕೀಳಿಸುವ ಮೊದಲೂ ಕೇಳಿ. ಲಸಿಕೆಗಳನ್ನು ಸಾಮಾನ್ಯವಾಗಿ ಮೂರು ತಿಂಗಳ ನಂತರ ಕೊಡುತ್ತಾರೆ. ರಿಟುಕ್ಸಿಮ್ಯಾಬ್ ಅನ್ನುವ ಔಷಧಿ ಆದವರಿಗೆ ಆರು ತಿಂಗಳು.

ಪೋರ್ಟ್ (ಡ್ರಿಪ್ ಹಾಕಲು ಚರ್ಮದಡಿ ಕೂರಿಸುವ ಸಣ್ಣ ಡಬ್ಬಿ) ಇನ್ನೂ ಇದ್ದರೆ ಅದು ಕಟ್ಟಿಕೊಳ್ಳದಂತೆ ಫ್ಲಶ್ ಮಾಡಿಸುತ್ತಿರಬೇಕು. ಕೆಲವು ಕಡೆ ನಾಲ್ಕರಿಂದ ಆರು ವಾರಕ್ಕೊಮ್ಮೆ, ಕೆಲವು ಕಡೆ ಮೂರು ತಿಂಗಳಿಗೊಮ್ಮೆ ಅನ್ನುತ್ತಾರೆ. ತಾರೀಕು ಕೇಳಿ ಬರೆದಿಡಿ. ಫ್ಲಶ್ ಆದ ಕೆಲವು ಗಂಟೆಯಲ್ಲಿ ನಡುಕದ ಚಳಿ ಬಂದರೆ ತಿರುಗಿ ಆಸ್ಪತ್ರೆಗೇ ಹೋಗಿ.

ಸ್ತನ ಕ್ಯಾನ್ಸರ್ ಆದವರಿಗೆ ಮೊದಲ ಮೂರು ವರ್ಷ ಮೂರರಿಂದ ಆರು ತಿಂಗಳಿಗೊಮ್ಮೆ ತಪಾಸಣೆ, ವರ್ಷಕ್ಕೊಮ್ಮೆ ಮ್ಯಾಮೊಗ್ರಾಂ. ಹಾರ್ಮೋನ್ ಮಾತ್ರೆ ಕೊಟ್ಟಿದ್ದರೆ ಗಂಟುನೋವು, ಸೆಕೆ ಅಂತ ನೀವಾಗಿ ನಿಲ್ಲಿಸಬೇಡಿ, ಬದಲಿ ಮಾತ್ರೆ ಇರುತ್ತದೆ. ಕೇಳಬೇಕಾದ ಪ್ರಶ್ನೆಗಳನ್ನು ಹಿಂದಿನ ರಾತ್ರಿಯೇ ಬರೆದಿಡಿ, ಮೇಲೆ ಮೂರು ಮುಖ್ಯವಾದವು ಇರಲಿ. ರಿಪೋರ್ಟ್ ಬರುವ ದಿನ ಒಬ್ಬರೇ ಹೋಗಬೇಡಿ. ಡಾಕ್ಟರ್ ಹೇಳಿದ್ದನ್ನು ಬರೆದುಕೊಳ್ಳಲು ಜೊತೆಗೆ ಒಬ್ಬರು ಇರಲಿ, ಸುಸ್ತಿನ ಪುಸ್ತಕವೂ ಚೀಲದಲ್ಲಿರಲಿ.